ಕತ್ತರಿ ಹಾಕುವ ಮುನ್ನ ಸುಳಿ ನೋಡಿ: ಸೊಪ್ಪು ಮತ್ತೆ ಮತ್ತೆ ಚಿಗುರುವಂತೆ ಕೊಯ್ಯುವ ಬಗೆ

ಮೊದಲ ಸಲ ಸೊಪ್ಪು ಬೆಳೆದಾಗ ನಾನು ಒಂದೇ ಪಾತಿಯ ಒಂದು ಬದಿಗೆ ಪಾಲಕ್, ಇನ್ನೊಂದು ಬದಿಗೆ ದಂಟು ಬಿತ್ತಿದ್ದೆ. ಎರಡೂ ಚೆನ್ನಾಗಿಯೇ ಬಂದವು. ಕೊಯ್ಯುವ ಹೊತ್ತಿಗೆ ಪಾಲಕ್‌ನ ನಡುವಿನ ಎಳೆ ಎಲೆಗಳು ಮೃದುವಾಗಿ ಕಂಡವೆಂದು ಅವನ್ನೇ ಚಿವುಟಿದೆ. ದಂಟಿನ ಕುಡಿ ಮುಟ್ಟಲು ಮಾತ್ರ ಮನಸ್ಸು ಬರಲಿಲ್ಲ. ಗಿಡ ಎತ್ತರಕ್ಕೆ ಹೋಗಲಿ ಎಂದು ಕೆಳಗಿನ ಎಲೆಗಳನ್ನಷ್ಟೇ ಬಿಡಿಸಿಕೊಂಡೆ. ಮೂರು ವಾರ ಕಳೆಯುವಷ್ಟರಲ್ಲಿ ಪಾಲಕ್ ಮುದುಡಿ ಕೂತಿತ್ತು. ದಂಟು ಕೋಲಿನಂತೆ ಸೊಂಟದೆತ್ತರ ಬೆಳೆದು, ನೆತ್ತಿಯಲ್ಲಿ ತೆನೆ ಹೊತ್ತು, ಬೆರಳಗಲದ ಎಲೆ ಬಿಡುತ್ತಿತ್ತು. ಪಾಲಕ್‌ಗೆ ಮಾಡಿದ್ದನ್ನು ದಂಟಿಗೆ, ದಂಟಿಗೆ ಮಾಡಿದ್ದನ್ನು ಪಾಲಕ್‌ಗೆ ಮಾಡಿದ್ದರೆ ಎರಡರಿಂದಲೂ ಇನ್ನೂ ನಾಲ್ಕಾರು ಸಲ ಸೊಪ್ಪು ಸಿಗುತ್ತಿತ್ತು.

ಮಣ್ಣು, ನೀರು, ಬಿಸಿಲು ಯಾವುದರಲ್ಲೂ ಕೊರತೆ ಇರಲಿಲ್ಲ. ನನಗೆ ಗೊತ್ತಿಲ್ಲದಿದ್ದುದು ಒಂದೇ ಸಂಗತಿ: ಮುಂದಿನ ಎಲೆಯನ್ನು ಗಿಡ ಎಲ್ಲಿ ಇಟ್ಟುಕೊಂಡಿರುತ್ತದೆ ಎಂಬುದು.

ಮೊದಲು ಸುಳಿ ಹುಡುಕಿ

ಹೆಚ್ಚಿನ ಸೊಪ್ಪಿನ ಗಿಡಗಳಲ್ಲಿ ಕತ್ತರಿಸಿದ ಎಲೆ ಮತ್ತೆ ಬೆಳೆಯುವುದಿಲ್ಲ. ಅರ್ಧ ಕತ್ತರಿಸಿ ಬಿಟ್ಟ ಪಾಲಕ್ ಎಲೆ ಕೊನೆಯವರೆಗೂ ಅರ್ಧವೇ. ಹೊಸ ಎಲೆ ಹುಟ್ಟುವುದು ಸುಳಿಯಿಂದ, ಅಥವಾ ಎಲೆಯ ತೊಟ್ಟು ದಂಟಿಗೆ ಸೇರುವ ಕಂಕುಳಲ್ಲಿ ಅಡಗಿರುವ ಸಣ್ಣ ಮೊಗ್ಗಿನಿಂದ. ಆದ್ದರಿಂದ ಕತ್ತರಿ ಕೈಗೆ ತೆಗೆದುಕೊಳ್ಳುವ ಮೊದಲು ಗಿಡದ ಮುಂದೆ ಕೂತು ಎರಡು ನಿಮಿಷ ನೋಡಿ. ಎಲ್ಲಕ್ಕಿಂತ ಚಿಕ್ಕ, ತಿಳಿ ಬಣ್ಣದ, ಇನ್ನೂ ಬಿಚ್ಚಿಕೊಳ್ಳದ ಎಲೆ ಎಲ್ಲಿದೆ? ನೆಲಕ್ಕೆ ಅಂಟಿದಂತೆ ಎಲೆಗಳ ನಡುವೆಯೋ, ಉದ್ದ ದಂಟಿನ ತುದಿಯಲ್ಲಿಯೋ? ದಂಟಿದ್ದರೆ ಅದರ ಮೇಲೆ ಗೆಣ್ಣುಗಳಿವೆಯೇ, ಗೆಣ್ಣಿನ ಕಂಕುಳಲ್ಲಿ ಅಕ್ಕಿಕಾಳಿನಷ್ಟು ಹಸಿರು ಉಬ್ಬು ಕಾಣುತ್ತದೆಯೇ?

ಈ ಎರಡು ನಿಮಿಷದಲ್ಲಿ ಸಿಗುವ ಉತ್ತರವೇ ಕೊಯ್ಯುವ ಬಗೆಯನ್ನು ನಿರ್ಧರಿಸುತ್ತದೆ. ಹೆಸರು ಗೊತ್ತಿಲ್ಲದ ಸೊಪ್ಪಾದರೂ ಸರಿ, ಸುಳಿ ಎಲ್ಲಿದೆಯೆಂದು ತಿಳಿದರೆ ಸಾಕು.

ಸುಳಿ ಬುಡದಲ್ಲಿದ್ದರೆ

ಪಾಲಕ್, ಲೆಟ್ಯೂಸ್, ಸ್ವಿಸ್ ಚಾರ್ಡ್, ಬೀಟ್‌ರೂಟ್ ಸೊಪ್ಪು, ಹೂ ಬಿಡುವ ಮೊದಲಿನ ಕೊತ್ತಂಬರಿ ಇವೆಲ್ಲ ಈ ಗುಂಪಿನವು. ಇವಕ್ಕೆ ಕಣ್ಣಿಗೆ ಕಾಣುವಂಥ ದಂಟಿಲ್ಲ. ಎಲೆಗಳು ಬುಡದಿಂದಲೇ ವೃತ್ತಾಕಾರದಲ್ಲಿ ಎದ್ದಿರುತ್ತವೆ. ಹೊರಗಿನವು ಹಳೆಯವು, ಒಳಕ್ಕೆ ಹೋದಂತೆ ಎಳೆಯವು, ನಟ್ಟನಡುವೆ ಸುಳಿ. ಇಲ್ಲಿ ಕೊಯ್ಲು ಯಾವಾಗಲೂ ಹೊರಗಿನಿಂದ ಒಳಕ್ಕೆ.

ಹೊರಸುತ್ತಿನ ಎಲೆಯ ತೊಟ್ಟನ್ನು ಬುಡದ ಹತ್ತಿರ ಹಿಡಿದು ಕತ್ತರಿಸಿ. ಕೈಯಿಂದಲೇ ತೆಗೆಯುವುದಾದರೆ ಇನ್ನೊಂದು ಕೈಯಲ್ಲಿ ಗಿಡದ ಬುಡವನ್ನು ಒತ್ತಿ ಹಿಡಿದುಕೊಳ್ಳಿ, ಇಲ್ಲದಿದ್ದರೆ ಬೇರು ಅಲುಗುತ್ತದೆ. ಉದ್ದ ತೊಟ್ಟನ್ನು ಗಿಡದಲ್ಲೇ ಬಿಟ್ಟರೆ ಅದು ಕೊಳೆಯುತ್ತದೆ, ಕೊಳೆತದ್ದಕ್ಕೆ ಬಸವನಹುಳು ಬರುತ್ತದೆ. ಒಂದು ಗಿಡದಲ್ಲಿ ಎಂಟು ಹತ್ತು ಎಲೆಗಳಾದ ಮೇಲೆ ಕೊಯ್ಲು ಶುರು ಮಾಡಿ, ಪ್ರತಿ ಸಲ ಮೂರು ನಾಲ್ಕು ಎಲೆ ತೆಗೆಯಿರಿ, ನಡುವಿನ ಐದಾರು ಎಲೆಗಳಿಗೆ ಕೈ ಹಾಕಬೇಡಿ.

ಒತ್ತಾಗಿ ಬಿತ್ತಿದ ಮಡಿಯಲ್ಲಿ ಒಂದೊಂದೇ ಎಲೆ ಬಿಡಿಸುತ್ತ ಕೂರುವುದಕ್ಕೆ ತಾಳ್ಮೆ ಬೇಕು. ಅಂಥ ಕಡೆ ಇಡೀ ಹಿಡಿಯನ್ನೇ ಕೂದಲು ಕತ್ತರಿಸಿದಂತೆ ಕತ್ತರಿಸಬಹುದು, ಆದರೆ ನೆಲದಿಂದ ಮೂರರಿಂದ ಐದು ಸೆಂಟಿಮೀಟರ್ ಮೇಲೆ. ಇದಕ್ಕಿಂತ ಕೆಳಗೆ ಹೋದರೆ ಸುಳಿಯೇ ಹೋಗುತ್ತದೆ. ಮೇಲಿಂದ ನೋಡಿದರೆ ಸುಳಿ ಎಷ್ಟು ಕೆಳಗಿದೆ ಎಂಬುದು ತಿಳಿಯುವುದಿಲ್ಲ, ಮೊದಲ ಗಿಡದ ಎಲೆಗಳನ್ನು ಬೆರಳಿನಿಂದ ಬಿಡಿಸಿ ನೋಡಿ ಕತ್ತರಿಯ ಎತ್ತರ ನಿರ್ಧರಿಸುವುದು ಒಳ್ಳೆಯದು. ಹೀಗೆ ಕತ್ತರಿಸಿದ ಮಡಿ ಎರಡು ಮೂರು ವಾರಗಳಲ್ಲಿ ಮತ್ತೆ ತುಂಬಿಕೊಳ್ಳುತ್ತದೆ. ಮಡಿಯನ್ನು ಮೂರು ಭಾಗ ಮಾಡಿಕೊಂಡು ವಾರಕ್ಕೊಂದು ಭಾಗ ಕೊಯ್ದರೆ, ಮೂರನೆಯ ಭಾಗ ಮುಗಿಯುವಾಗ ಮೊದಲನೆಯದು ಕತ್ತರಿಗೆ ಕಾದಿರುತ್ತದೆ.

ಗಟ್ಟಿ ಉಂಡೆ ಕಟ್ಟುವ ಲೆಟ್ಯೂಸ್ ಈ ಲೆಕ್ಕಕ್ಕೆ ಬರುವುದಿಲ್ಲ. ಹೊರಗಿನ ಎಲೆ ತೆಗೆಯುತ್ತಾ ಹೋದರೆ ಅದು ಉಂಡೆಯನ್ನೇ ಕಟ್ಟುವುದಿಲ್ಲ. ಪದೇ ಪದೇ ಎಲೆ ಬೇಕೆನ್ನುವವರು ಬಿಡಿ ಎಲೆಯ ತಳಿ ಬಿತ್ತಬೇಕು.

ನೆತ್ತಿ ಚಿವುಟಬೇಕಾದ ಗಿಡಗಳು

ದಂಟು, ಹರಿವೆ, ಬಸಳೆ, ಕಾಮಕಸ್ತೂರಿ, ಪುದೀನಾ, ಚಕ್ರಮುನಿ, ನುಗ್ಗೆ, ಕರಿಬೇವು. ಇವೆಲ್ಲ ದಂಟು ಎಬ್ಬಿಸಿ ಮೇಲೇರುವ ಗಿಡಗಳು, ಸುಳಿ ನೆತ್ತಿಯಲ್ಲಿರುತ್ತದೆ. ಹೊಸದಾಗಿ ಸೊಪ್ಪು ಬೆಳೆಯುವವರಿಗೆ ನಂಬಲು ಕಷ್ಟವಾಗುವ ಮಾತು ಇಲ್ಲಿದೆ: ಈ ಗಿಡಗಳಲ್ಲಿ ಸುಳಿಯನ್ನೇ ಕಿತ್ತರೆ ಸೊಪ್ಪು ಹೆಚ್ಚುತ್ತದೆ.

ಕಾರಣ ಸರಳವಾಗಿದೆ. ನೆತ್ತಿಯ ಕುಡಿಯಲ್ಲಿ ಆಕ್ಸಿನ್ ಎಂಬ ಹಾರ್ಮೋನು ತಯಾರಾಗಿ ದಂಟಿನಲ್ಲಿ ಕೆಳಕ್ಕೆ ಇಳಿಯುತ್ತಿರುತ್ತದೆ. ಅದು ಇಳಿಯುತ್ತಿರುವಷ್ಟು ಕಾಲ ಕೆಳಗಿನ ಗೆಣ್ಣುಗಳ ಮೊಗ್ಗುಗಳು ನಿದ್ದೆಯಲ್ಲಿರುತ್ತವೆ. 1930ರ ದಶಕದಲ್ಲಿ ಕೆನೆತ್ ಥೀಮನ್ ಮತ್ತು ಫೋಕೆ ಸ್ಕೂಗ್ ಎಂಬ ವಿಜ್ಞಾನಿಗಳು ಅವರೆಕುಲದ ಒಂದು ಗಿಡದ ನೆತ್ತಿ ಕತ್ತರಿಸಿ, ಗಾಯದ ಮೇಲೆ ಆಕ್ಸಿನ್ ಇಟ್ಟು ನೋಡಿದರು. ಕುಡಿಯೇ ಇಲ್ಲದಿದ್ದರೂ ಪಕ್ಕದ ಮೊಗ್ಗುಗಳು ಏಳಲಿಲ್ಲ. ಇಡದೆ ಬಿಟ್ಟ ಗಿಡದಲ್ಲಿ ಎದ್ದವು. ನಾವು ಚಿವುಟುವಾಗ ಮಾಡುವುದೂ ಇಷ್ಟೇ. ಕುಡಿ ಹೋಗುತ್ತಿದ್ದಂತೆ ಅದು ಸೆಳೆದುಕೊಳ್ಳುತ್ತಿದ್ದ ಸಕ್ಕರೆಯೂ ಈ ಮೊಗ್ಗುಗಳ ಪಾಲಿಗೆ ಬರುತ್ತದೆ, ಅವು ಕವಲೊಡೆಯುತ್ತವೆ.

ದಂಟಿನ ಸೊಪ್ಪಿನ ಗಿಡ ಒಂದು ಗೇಣಿನಷ್ಟು, ಅಂದರೆ 20–25 ಸೆಂಟಿಮೀಟರ್ ಎತ್ತರವಾದಾಗ ಮೊದಲ ಕೊಯ್ಲು. ಬಿತ್ತಿ ಸುಮಾರು ನಾಲ್ಕು ವಾರಕ್ಕೆ ಈ ಎತ್ತರ ಬರುತ್ತದೆ. ಬುಡದಿಂದ ಎಣಿಸಿ ಮೂರು ಗೆಣ್ಣು ಬಿಟ್ಟು, ಮೂರನೆಯ ಗೆಣ್ಣಿನ ತುಸು ಮೇಲೆ ಕತ್ತರಿಸಿ. ಉಳಿಸಿದ ಗೆಣ್ಣುಗಳಲ್ಲಿ ಎಲೆಗಳಿರಲಿ, ಅವು ಗಿಡಕ್ಕೆ ಊಟ ಒದಗಿಸುತ್ತವೆ. ವಾರ ಕಳೆಯುವಷ್ಟರಲ್ಲಿ ಕಂಕುಳಲ್ಲಿ ಚಿಗುರು ಕಾಣುತ್ತದೆ. ಆ ಕವಲುಗಳು ಗೇಣುದ್ದವಾದಾಗ ಪ್ರತಿ ಕವಲಿನ ಬುಡದಲ್ಲಿ ಒಂದೆರಡು ಗೆಣ್ಣು ಬಿಟ್ಟು ಮತ್ತೆ ಕತ್ತರಿಸಿ. ಬೆಚ್ಚಗಿನ ಹವೆಯಲ್ಲಿ ವಾರದಿಂದ ಎರಡು ವಾರಕ್ಕೊಮ್ಮೆ ಕೊಯ್ಯಬಹುದು. ಒಂದು ಎಚ್ಚರಿಕೆ: ಕೆಂಪು ದಂಟಾಗಲಿ ಹಸಿರು ದಂಟಾಗಲಿ, ದಪ್ಪ ಕಾಂಡಕ್ಕೆಂದೇ ಬೆಳೆಸುವ ತಳಿಯಾದರೆ ನೆತ್ತಿ ಚಿವುಟಬೇಡಿ. ಕವಲೊಡೆದ ಗಿಡದ ಕಾಂಡ ದಪ್ಪವಾಗುವುದಿಲ್ಲ.

ಕಾಮಕಸ್ತೂರಿಯಲ್ಲಿ ಈ ಲೆಕ್ಕ ಬಹಳ ಚೆನ್ನಾಗಿ ಕಾಣುತ್ತದೆ. ಅದರ ಎಲೆಗಳು ಎದುರುಬದುರಾಗಿ ಜೋಡಿಯಲ್ಲಿ ಬರುತ್ತವೆ, ಪ್ರತಿ ಎಲೆಯ ಕಂಕುಳಲ್ಲೂ ಒಂದೊಂದು ಮೊಗ್ಗು. ನಾಲ್ಕು ಜೋಡಿ ಎಲೆ ಆದಮೇಲೆ ಎರಡನೆಯ ಜೋಡಿಯ ಮೇಲೆ ಕತ್ತರಿಸಿದರೆ ಒಂದು ದಂಟು ಇದ್ದಲ್ಲಿ ಎರಡು. ಅವೆರಡನ್ನೂ ಹಾಗೆಯೇ ಚಿವುಟಿದರೆ ನಾಲ್ಕು, ಆಮೇಲೆ ಎಂಟು. ಮೂರು ಸಲ ಚಿವುಟಿದ ಗಿಡವನ್ನೂ ಚಿವುಟದೆ ಬಿಟ್ಟ ಗಿಡವನ್ನೂ ಪಕ್ಕಪಕ್ಕ ಇಟ್ಟರೆ ಒಂದೇ ದಿನ ಬಿತ್ತಿದವು ಎಂದರೆ ಯಾರೂ ನಂಬುವುದಿಲ್ಲ.

ಬಸಳೆಯ ಬಳ್ಳಿ ಒಂದು ಮೊಳ ದಾಟಿದ ಮೇಲೆ ತುದಿಯ ಒಂದು ಗೇಣು ಕತ್ತರಿಸಿ. ಕತ್ತರಿಸಿದ ತುಂಡಿನ ಬುಡದ ಎಲೆ ತೆಗೆದು ಒದ್ದೆ ಮಣ್ಣಿಗೆ ಊರಿದರೆ ಬೇರು ಬಿಡುತ್ತದೆ, ಕೊಯ್ಲಿನ ಜೊತೆಗೆ ಇನ್ನೊಂದು ಬಳ್ಳಿ ಸಿಕ್ಕಂತೆ.

ಪುದೀನಾಕ್ಕೆ ಇನ್ನೊಂದು ಅನುಕೂಲವಿದೆ. ಅದರ ಮುಂದಿನ ಎಲೆಗಳು ಮಣ್ಣಿನ ಮೇಲೂ ಒಳಗೂ ಹರಿದಾಡುವ ಕುಡಿಬಳ್ಳಿಗಳಲ್ಲೂ ಇರುತ್ತವೆ. ಹೀಗಾಗಿ ಅದನ್ನು ನೆಲದಿಂದ ನಾಲ್ಕೈದು ಸೆಂಟಿಮೀಟರ್ ಬಿಟ್ಟು ಪೂರ್ತಿ ಬೋಳಿಸಿದರೂ ಎದ್ದು ಬರುತ್ತದೆ. ಹೂ ಬಿಡುವ ತುಸು ಮೊದಲು ಎಲೆಯಲ್ಲಿ ಘಮ ಹೆಚ್ಚು, ಬೋಳಿಸಲು ಅದೇ ಸರಿಯಾದ ಹೊತ್ತು. ಕುಂಡದಲ್ಲಿ ಬೆಳೆಸಿದವರಿಗೆ ಒಂದು ದೃಶ್ಯ ಪರಿಚಿತ: ಕುಂಡದ ಅಂಚಿನ ಸುತ್ತ ದಟ್ಟ ಪುದೀನಾ, ನಡುವೆ ಬರಿದು. ಬಳ್ಳಿ ಹೊರಕ್ಕೆ ಹರಿದು ಗೋಡೆಗೆ ಬಡಿದು ನಿಂತಿದೆ ಎಂದರ್ಥ. ಆಗ ಎಷ್ಟು ಜಾಣತನದಿಂದ ಕೊಯ್ದರೂ ನಡುವೆ ತುಂಬುವುದಿಲ್ಲ. ಬಳ್ಳಿಯನ್ನು ಕಿತ್ತು, ತುಂಡು ಮಾಡಿ, ಹೊಸ ಮಣ್ಣಿನಲ್ಲಿ ಮತ್ತೆ ನೆಡಬೇಕು.

ಕರಿಬೇವಿನ ವಿಷಯದಲ್ಲಿ ನಮ್ಮ ಕಣ್ಣೇ ನಮಗೆ ಮೋಸ ಮಾಡುತ್ತದೆ. ಹತ್ತು ಹದಿನೈದು ‘ಎಲೆ’ಗಳಿರುವ ಕಡ್ಡಿಯನ್ನು ನಾವು ಟೊಂಗೆ ಎಂದುಕೊಳ್ಳುತ್ತೇವೆ. ವಾಸ್ತವದಲ್ಲಿ ಆ ಇಡೀ ಕಡ್ಡಿಯೇ ಒಂದು ಎಲೆ, ನಾವು ಎಲೆ ಎನ್ನುವುದು ಅದರ ಎಸಳು. ಎಸಳುಗಳನ್ನಷ್ಟೇ ಸವರಿಕೊಂಡು ಕಡ್ಡಿಯನ್ನು ಗಿಡದಲ್ಲೇ ಬಿಟ್ಟರೆ ಆ ಕಡ್ಡಿಯಲ್ಲಿ ಮತ್ತೇನೂ ಚಿಗುರುವುದಿಲ್ಲ, ಒಣಗಿ ಬೀಳುತ್ತದೆ. ಕಡ್ಡಿಯನ್ನು ಬುಡದಿಂದಲೇ ತೆಗೆಯಿರಿ. ಗಿಡ ದಟ್ಟವಾಗಬೇಕಾದರೆ ನಿಜವಾದ ಟೊಂಗೆಯ ತುದಿಯನ್ನು, ಕಡ್ಡಿಗಳೆಲ್ಲ ಗುಂಪಾಗಿ ಹೊರಟಿರುವ ಆ ನೆತ್ತಿಯನ್ನು, ಕತ್ತರಿಸಬೇಕು. ಮೊಣಕಾಲೆತ್ತರವೂ ಇಲ್ಲದ ಎಳೆ ಗಿಡದಿಂದ ಒಂದೆರಡು ಕಡ್ಡಿಗಿಂತ ಹೆಚ್ಚು ತೆಗೆಯದಿರುವುದು ಲೇಸು.

ನುಗ್ಗೆಯನ್ನು ಸೊಪ್ಪಿಗಾಗಿ ಬೆಳೆಸುವುದಾದರೆ ಎದೆಮಟ್ಟಕ್ಕೆ ಬಂದಾಗಲೇ ನೆತ್ತಿ ಕಡಿಯಿರಿ. ಬಿಟ್ಟರೆ ಏಣಿ ಬೇಕಾಗುತ್ತದೆ.

ಈ ಎರಡು ಗುಂಪಿಗೂ ಸೇರದವು

ಕೇಲ್ ದಂಟು ಎಬ್ಬಿಸುತ್ತದೆ, ಸುಳಿಯೂ ನೆತ್ತಿಯಲ್ಲೇ ಇದೆ. ಆದರೂ ಅದನ್ನು ಚಿವುಟಬಾರದು. ಅದರ ದೊಡ್ಡ ಎಲೆಗಳೆಲ್ಲ ಆ ಒಂದೇ ಸುಳಿಯಿಂದ ಬರುತ್ತವೆ, ಪಕ್ಕದ ಕವಲುಗಳ ಎಲೆ ಸಣ್ಣದಾಗುತ್ತದೆ. ಕೆಳಗಿನ ಎಲೆಯನ್ನು ತೊಟ್ಟಿನ ಬಳಿ ಹಿಡಿದು ಕೆಳಮುಖವಾಗಿ ಒತ್ತಿದರೆ ಚಟ್ಟನೆ ಮುರಿದು ಬರುತ್ತದೆ. ನೆತ್ತಿಯಲ್ಲಿ ಐದಾರು ಎಲೆ ಯಾವಾಗಲೂ ಇರಲಿ. ತಿಂಗಳುಗಟ್ಟಲೆ ಹೀಗೆ ಕೊಯ್ದ ಗಿಡ ತೆಂಗಿನ ಮರದ ಗೊಂಬೆಯಂತೆ ಕಾಣುತ್ತದೆ, ಅದು ಆರೋಗ್ಯದ ಲಕ್ಷಣವೇ.

ಕತ್ತರಿಸಿದ ಎಲೆ ಮತ್ತೆ ಬೆಳೆಯುವುದಿಲ್ಲ ಎಂದು ನಾನು ಮೊದಲು ಹೇಳಿದ ಮಾತಿಗೆ ಈರುಳ್ಳಿ ಸೊಪ್ಪು ಅಪವಾದ. ಅದರ ಎಲೆ ಬೆಳೆಯುವುದು ತುದಿಯಿಂದಲ್ಲ, ಬುಡದಿಂದ. ಕತ್ತರಿಸಿದ ಎಳೆ ಎಲೆಯೇ ಮತ್ತೆ ಮೇಲಕ್ಕೇರುತ್ತದೆ, ಕತ್ತರಿಯ ಗುರುತನ್ನು ನೆತ್ತಿಯ ಮೇಲೆ ಹೊತ್ತುಕೊಂಡೇ. ಬಿಳಿ ಭಾಗದ ಮೇಲೆ ಮೂರು ನಾಲ್ಕು ಸೆಂಟಿಮೀಟರ್ ಹಸಿರು ಬಿಟ್ಟು ಕತ್ತರಿಸಿದರೆ ಕೆಲವೇ ದಿನಗಳಲ್ಲಿ ವ್ಯತ್ಯಾಸ ಕಾಣುತ್ತದೆ. ಬೆಳ್ಳುಳ್ಳಿ ಸೊಪ್ಪು, ಮಜ್ಜಿಗೆಹುಲ್ಲು ಕೂಡ ಹೀಗೆಯೇ.

ಮೆಂತ್ಯದಿಂದ ಹೆಚ್ಚಿನದನ್ನು ನಿರೀಕ್ಷಿಸಬೇಡಿ. ಬೇರುಸಹಿತ ಕಿತ್ತರೆ ಅಲ್ಲಿಗೆ ಮುಗಿಯಿತು. ಬುಡದಲ್ಲಿ ಎರಡು ಮೂರು ಗೆಣ್ಣು ಬಿಟ್ಟು ಕತ್ತರಿಸಿದರೆ ಇನ್ನೊಂದು, ಬಹಳವೆಂದರೆ ಎರಡು ಬೆಳೆ ಬರುತ್ತದೆ, ಅದೂ ಮೊದಲಿನಷ್ಟು ತುಂಬಾಗಿರುವುದಿಲ್ಲ. ಕಸೂರಿ ಮೆಂತ್ಯ ಬೇರೆಯದೇ ಜಾತಿ. ಅದು ನೆಲಕ್ಕೆ ಹರಡಿಕೊಂಡು ನಿಧಾನವಾಗಿ ಬೆಳೆಯುತ್ತದೆ, ಹಲವು ಸಲ ಕೊಯ್ಯಬಹುದು.

ಎಷ್ಟು ತೆಗೆಯಬೇಕು

ಒಂದು ಸಲಕ್ಕೆ ಗಿಡದ ಮೂರನೇ ಒಂದು ಭಾಗ. ತೋಟಗಾರರಲ್ಲಿ ರೂಢಿಯಲ್ಲಿರುವ ಈ ಲೆಕ್ಕಕ್ಕೆ ಆಧಾರ ಮಣ್ಣಿನ ಕೆಳಗಿದೆ. ಎಲೆ ತೆಗೆದಾಗ ಬೇರಿಗೆ ಹೋಗುವ ಊಟ ಕಡಿಮೆಯಾಗುತ್ತದೆ. 1955ರಲ್ಲಿ ಫ್ರ್ಯಾಂಕ್ಲಿನ್ ಕ್ರೈಡರ್ ಎಂಬ ವಿಜ್ಞಾನಿ ಹುಲ್ಲುಗಳ ಮೇಲೆ ಮಾಡಿದ ಪ್ರಯೋಗಗಳನ್ನು ಪ್ರಕಟಿಸಿದರು. ಹುಲ್ಲಿನ ಅರ್ಧಕ್ಕಿಂತ ಕಡಿಮೆ ಕತ್ತರಿಸಿದಾಗ ಬೇರಿನ ಬೆಳವಣಿಗೆ ನಿಲ್ಲಲಿಲ್ಲ. ಅರ್ಧ ದಾಟಿದ ಮೇಲೆ ತೊಂದರೆ ವೇಗವಾಗಿ ಏರಿತು. ಶೇ 80ರಷ್ಟು ತೆಗೆದಾಗ ಬೇರು ಬೆಳೆಯುವುದು ದಿನಗಟ್ಟಲೆ ಪೂರ್ತಿ ನಿಂತುಹೋಯಿತು. ಹುಲ್ಲೂ ಸೊಪ್ಪೂ ಒಂದೇ ಅಲ್ಲ, ಆದರೂ ಅತಿಯಾಗಿ ಕೊಯ್ದ ಗಿಡ ಮೇಲೆ ಚಿಗುರುವ ಮೊದಲು ಕೆಳಗೆ ನಿಲ್ಲುತ್ತದೆ ಎಂಬುದು ಎರಡಕ್ಕೂ ಸಲ್ಲುತ್ತದೆ.

ಇಲ್ಲಿ ಒಂದು ಪ್ರಶ್ನೆ ಏಳಬಹುದು: ದಂಟನ್ನು ಮೂರು ಗೆಣ್ಣಿಗೆ ಇಳಿಸಿ, ಪುದೀನಾ ಬೋಳಿಸಿ ಎಂದೆನಲ್ಲ, ಅದು ಮೂರನೇ ಒಂದು ಭಾಗಕ್ಕಿಂತ ಹೆಚ್ಚಲ್ಲವೇ? ಹೌದು. ದಂಟು ಬಿಸಿಲಿನಲ್ಲಿ ಅಷ್ಟು ವೇಗವಾಗಿ ಬೆಳೆಯುವ ಗಿಡ, ಪುದೀನಾಕ್ಕೆ ನೆಲದೊಳಗಿನ ಬಳ್ಳಿಯಲ್ಲಿ ಕೂಡಿಟ್ಟದ್ದಿದೆ. ಅವು ತಾಳಿಕೊಳ್ಳುತ್ತವೆ. ಪಾಲಕ್, ಕೊತ್ತಂಬರಿ, ಎಳೆ ಕರಿಬೇವು ಅಷ್ಟು ಸುಲಭವಾಗಿ ತಾಳುವುದಿಲ್ಲ. ಒತ್ತಾಗಿ ಬಿತ್ತಿದ ಮಡಿಯನ್ನು ಒಮ್ಮೆಗೇ ಕತ್ತರಿಸಿದರೆ, ಅದು ಮತ್ತೆ ತುಂಬಿಕೊಳ್ಳುವವರೆಗೆ ಎರಡು ಮೂರು ವಾರ ಬಿಡಬೇಕು. ಚಳಿಗಾಲದಲ್ಲಿ, ನೆರಳಿನಲ್ಲಿ, ಚಿಕ್ಕ ಕುಂಡದಲ್ಲಿ ಇರುವ ಯಾವ ಗಿಡಕ್ಕೂ ಮೂರನೇ ಒಂದು ಭಾಗವೇ ಮಿತಿ ಎಂದುಕೊಳ್ಳಿ.

ಕಡಿಮೆ ಕೊಯ್ಯುವುದೂ ತಪ್ಪೇ. ‘ಪಾಪ, ಇನ್ನಷ್ಟು ಬೆಳೆಯಲಿ’ ಎಂದು ಬಿಟ್ಟ ಎಲೆ ಬಲಿತು ನಾರಾಗುತ್ತದೆ, ಒಳಗಿನ ಎಲೆಗೆ ನೆರಳು ಕವಿಯುತ್ತದೆ, ಗಾಳಿಯಾಡದೆ ರೋಗ ಸೇರುತ್ತದೆ. ಬೇಡವಾದರೂ ಹಳೆಯ ಎಲೆ ತೆಗೆದು ಗೊಬ್ಬರದ ಗುಂಡಿಗೆ ಹಾಕಿ.

ಕೊಯ್ಯುವ ಹೊತ್ತು, ಕತ್ತರಿ

ಬೆಳಿಗ್ಗೆ, ಇಬ್ಬನಿ ಆರಿದ ಮೇಲೆ, ಬಿಸಿಲು ಏರುವ ಮೊದಲು. ರಾತ್ರಿಯಿಡೀ ನೀರು ಕುಡಿದ ಎಲೆ ಆಗ ಗರಿಗರಿಯಾಗಿರುತ್ತದೆ. ಸಂಜೆಯ ಎಲೆಯಲ್ಲಿ ಹಗಲು ತಯಾರಾದ ಸಕ್ಕರೆ ಹೆಚ್ಚಿರುತ್ತದೆ, ಆದ್ದರಿಂದ ಕೂಡಲೇ ಬಳಸುವುದಾದರೆ ಸಂಜೆ ಕೊಯ್ದರೂ ನಷ್ಟವಿಲ್ಲ. ನಡುಮಧ್ಯಾಹ್ನ ಮಾತ್ರ ಬೇಡ. ಎಲೆಯೂ ಬಾಡುತ್ತದೆ, ಗಾಯಗೊಂಡ ಗಿಡವೂ ಬಿಸಿಲಿಗೆ ಸೊರಗುತ್ತದೆ. ಎಲೆ ಒದ್ದೆಯಿದ್ದಾಗ ಕೊಯ್ಯುವುದೂ ಸರಿಯಲ್ಲ, ಬೂಷ್ಟು ಮತ್ತು ಬ್ಯಾಕ್ಟೀರಿಯಾ ಗಿಡದಿಂದ ಗಿಡಕ್ಕೆ ದಾಟುವುದು ಒದ್ದೆ ಕೈಯಲ್ಲೇ.

ಎಳೆ ಕುಡಿಗೆ ಹೆಬ್ಬೆರಳಿನ ಉಗುರು ಸಾಕು. ನಾರಿರುವ ದಂಟಿಗೆ ಹರಿತವಾದ ಕತ್ತರಿ ಬೇಕು. ಮೊಂಡು ಕತ್ತರಿ ದಂಟನ್ನು ಜಜ್ಜುತ್ತದೆ, ಜಜ್ಜಿದ ಗಾಯ ಬೇಗ ಆರುವುದಿಲ್ಲ. ಗೆಣ್ಣಿನ ಮೇಲೆ ಅರ್ಧ ಸೆಂಟಿಮೀಟರ್ ಬಿಟ್ಟು ಕತ್ತರಿಸಿ. ತೀರಾ ಒತ್ತಿ ಕತ್ತರಿಸಿದರೆ ಮೊಗ್ಗಿಗೇ ಪೆಟ್ಟು, ಉದ್ದ ಬಿಟ್ಟರೆ ಆ ಮೋಟು ಒಣಗಿ ಕೊಳೆಯುತ್ತದೆ. ಚುಕ್ಕೆ ಬಿದ್ದ, ಸುರುಟಿದ ಗಿಡಗಳಿದ್ದರೆ ಅವುಗಳ ಸರದಿ ಕೊನೆಗೆ ಬರಲಿ. ಆಮೇಲೆ ಕತ್ತರಿಯ ಅಲಗನ್ನು ಶೇ 70ರ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿಡಿ.

ಕೊಯ್ದ ಸೊಪ್ಪು ಸತ್ತಿರುವುದಿಲ್ಲ, ಉಸಿರಾಡುತ್ತಲೇ ಇರುತ್ತದೆ. ಬಿಸಿಲಲ್ಲಿ ಬುಟ್ಟಿ ಇಟ್ಟು ಇನ್ನೊಂದು ಪಾತಿಗೆ ಹೋಗಬೇಡಿ. ತೊಳೆಯುವುದು ಬಳಸುವಾಗಲೇ ಆಗಲಿ, ಅಲ್ಲಿಯವರೆಗೆ ತೆಳುವಾದ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂಪಿನಲ್ಲಿಡಿ.

ಕೊಯ್ದ ಮೇಲೆ

ಹೆಚ್ಚಿನವರು ಎಡವುವುದು ಇಲ್ಲಿ. ಕೊಯ್ಲಾದ ತಕ್ಷಣ ಗಿಡಕ್ಕೆ ಸುಸ್ತಾಗಿದೆ ಎಂದು ಕೊಡಗಟ್ಟಲೆ ನೀರು ಸುರಿಯುತ್ತಾರೆ. ಆದರೆ ಗಿಡ ನೀರು ಹೀರುವುದು ಬಹುಪಾಲು ಎಲೆಯಿಂದ ಆವಿಯಾಗಿ ಹೋದದ್ದನ್ನು ತುಂಬಿಕೊಳ್ಳುವುದಕ್ಕೆ. ಎಲೆ ಕಡಿಮೆಯಾದ ಮೇಲೆ ನೀರಿನ ಬೇಡಿಕೆಯೂ ಕಡಿಮೆ. ನಿನ್ನೆಯವರೆಗೆ ದಿನಕ್ಕೊಮ್ಮೆ ಒಣಗುತ್ತಿದ್ದ ಕುಂಡ ಈಗ ಎರಡು ದಿನ ಒದ್ದೆಯಾಗಿರಬಹುದು, ಅದರ ಮೇಲೆ ಸುರಿದರೆ ಬೇರು ಕೊಳೆಯುತ್ತದೆ. ಬೆರಳನ್ನು ಒಂದು ಗೆಣ್ಣಿನಷ್ಟು ಮಣ್ಣಿಗೆ ಇಳಿಸಿ, ಒಣಗಿದ್ದರೆ ಮಾತ್ರ ನೀರು.

ಗೊಬ್ಬರ ಬೇಕೇ ಬೇಕು. ಎಲೆಯೊಂದಿಗೆ ಸಾರಜನಕವೂ ಪಾತಿಯಿಂದ ಹೊರಹೋಗಿರುತ್ತದೆ. ಹೊಸ ಚಿಗುರು ಕಣ್ಣಿಗೆ ಬಿದ್ದ ದಿನ ಬುಡದ ಸುತ್ತ ಒಂದು ಹಿಡಿ ಎರೆಗೊಬ್ಬರವನ್ನೋ ಚೆನ್ನಾಗಿ ಕಳಿತ ಕಾಂಪೋಸ್ಟನ್ನೋ ಹಾಕಿ ಮಣ್ಣು ಮುಚ್ಚಿ. ಹಸಿ ಸಗಣಿ, ಹಸಿ ಕೋಳಿಗೊಬ್ಬರ ಎಲೆ ತಿನ್ನುವ ಬೆಳೆಗೆ ಸಲ್ಲದು, ರೋಗಾಣು ನೇರವಾಗಿ ಎಲೆಗೆ ಬರುತ್ತದೆ. ಕೆಳಗಿನ ಎಲೆಗಳು ಮೊದಲು ಹಳದಿಯಾಗುತ್ತಿದ್ದರೆ ಸಾರಜನಕ ಸಾಲದು ಎಂದು ತಿಳಿಯಿರಿ: ಗಿಡ ಹಳೆಯ ಎಲೆಯಿಂದ ಕಿತ್ತು ಎಳೆಯದಕ್ಕೆ ಸಾಗಿಸುತ್ತಿದೆ. ಹಾಗೆಂದು ಯೂರಿಯಾ ಸುರಿದರೆ ಎಲೆ ಕಡುಹಸಿರಾಗಿ ಮೆತ್ತಗಾಗುತ್ತದೆ, ಗಿಡಹೇನು ಮುತ್ತುತ್ತದೆ.

ಹೂ ಕಂಡಾಗ

ಪಾಲಕ್‌ನ ನಡುವಿನಿಂದ ಒಂದು ದಂಟು ಮೇಲೆದ್ದರೆ, ಕೊತ್ತಂಬರಿಯ ಹೊಸ ಎಲೆಗಳು ಅಗಲ ಬಿಟ್ಟು ಎಳೆಎಳೆಯಾದರೆ, ಲೆಟ್ಯೂಸ್ ಕತ್ತರಿಸಿದಾಗ ಬಿಳಿ ಹಾಲು ಹೆಚ್ಚಾಗಿ ಜಿನುಗಿ ಎಲೆ ಕಹಿಯಾದರೆ, ಗಿಡ ಎಲೆಯ ಕೆಲಸ ಮುಗಿಸಿ ಬೀಜದ ಕಡೆ ಹೊರಟಿದೆ. ಹಗಲು ಉದ್ದವಾಗುವುದು, ಸೆಕೆ, ನೀರಿನ ಕೊರತೆ ಇದನ್ನು ಬೇಗ ತರುತ್ತವೆ. ಬುಡದಲ್ಲಿ ಸುಳಿಯಿರುವ ಗಿಡಗಳಲ್ಲಿ ಹೂದಂಟನ್ನು ಚಿವುಟಿ ಒಂದು ವಾರ ತಳ್ಳಬಹುದು, ಅದಕ್ಕಿಂತ ಹೆಚ್ಚೇನೂ ಆಗುವುದಿಲ್ಲ. ಆ ಸುಳಿಯೇ ಹೂವಾಗಿ ಮಾರ್ಪಟ್ಟಿರುತ್ತದೆ. ಉಳಿದ ಎಲೆ ಒಮ್ಮೆಗೇ ಕೊಯ್ದು ಜಾಗ ಖಾಲಿ ಮಾಡಿ. ಕಾಮಕಸ್ತೂರಿ, ಪುದೀನಾ, ಕರಿಬೇವಿನಲ್ಲಿ ಪರಿಸ್ಥಿತಿ ಅಷ್ಟು ಕೆಟ್ಟಿರುವುದಿಲ್ಲ. ಹೂತೆನೆಯನ್ನು ಎರಡು ಗೆಣ್ಣು ಕೆಳಗೆ ಕತ್ತರಿಸಿದರೆ ಎಲೆಯ ಕಡೆಗೆ ಮರಳುತ್ತವೆ. ದಂಟಿನಲ್ಲಿ ತೆನೆ ಸಣ್ಣದಿರುವಾಗಲೇ ಕಡಿದರೆ ಇನ್ನೊಂದೆರಡು ಕೊಯ್ಲು ಸಿಗುತ್ತದೆ, ಎಲೆ ಮಾತ್ರ ಸಣ್ಣದಾಗುತ್ತ ಬರುತ್ತದೆ.

ಆ ಹೊತ್ತಿಗೆ ಪಕ್ಕದ ಮಡಿಯಲ್ಲಿ ಮುಂದಿನ ಬೀಜ ಮೊಳೆತಿರಬೇಕು. ಮೂರನೆಯ ಕೊಯ್ಲಿನ ದಿನವೇ ಬಿತ್ತಿದರೆ ಲೆಕ್ಕ ಸರಿಹೋಗುತ್ತದೆ. ಬೀಜಕ್ಕೆಂದು ಒಂದು ದಂಟಿನ ಗಿಡ ಬಿಡುವುದಾದರೆ ಕೊನೆಗೆ ಹೂ ಬಿಟ್ಟದ್ದನ್ನೇ ಆರಿಸಿ, ಬೇಗ ಹೂ ಬಿಟ್ಟದ್ದರ ಬೀಜ ಬಿತ್ತಿದರೆ ಮುಂದಿನ ಸಲವೂ ಬೇಗನೆ ತೆನೆ ಬರಬಹುದು. ತೆನೆಯನ್ನು ಅಂಗೈಯಲ್ಲಿ ಉಜ್ಜಿದಾಗ ಕಪ್ಪು ಹೊಳಪಿನ ಕಾಳು ಸುಲಭವಾಗಿ ಉದುರಿದರೆ ಕೊಯ್ದು, ಕಾಗದದ ಮೇಲೆ ನೆರಳಲ್ಲಿ ಒಣಗಿಸಿ.